ಎಲೀಯ ಪರಲೋಕಕ್ಕೆ ಹೋದನೇ? ಎರಡು ಓದು

ಬೈಬಲಿನ ಪ್ರವಾದಿ ಎಲೀಯ ಸುಂಟರಗಾಳಿಯಲ್ಲಿ ಆಕಾಶಕ್ಕೆ ಏರಿಹೋದ ಎನ್ನುತ್ತದೆ 2 ಅರಸು 2:11. ಆದರೆ ಮನುಷ್ಯಕುಮಾರನ (ಅಂದರೆ ಯೇಸುವಿನ) ಹೊರತು ಯಾರೂ ಪರಲೋಕಕ್ಕೆ ಏರಿಲ್ಲ ಎನ್ನುತ್ತದೆ ಯೋಹಾನ 3:13. ಇವೆರಡೂ ಹೇಗೆ ಹೊಂದುತ್ತವೆ?

ಜಾಸ್ತಿ ಸಭೆಗಳು ಒಪ್ಪುವ ಓದು ಹೀಗೆ: ಎಲೀಯ ದೇವರ ಬಳಿಗೇ ಹೋದ. ಯೋಹಾನ 3ರಲ್ಲಿ ಯೇಸು ನಿಕೊದೇಮ ಎಂಬ ಯೆಹೂದ್ಯ ಮುಖಂಡನಿಗೆ ಹೇಳುತ್ತಿದ್ದುದು ಬೇರೆ ವಿಷಯ. ಪರಲೋಕದ ಸಂಗತಿಗಳನ್ನು ಕಂಡು ಬಂದು ತಿಳಿಸಬಲ್ಲವರು ಇನ್ನೊಬ್ಬರಿಲ್ಲ ಅಂತ. ಪರಲೋಕದ ಸಂಗತಿಗಳ ಬಗ್ಗೆಯೇ ಮಾತಾಡುವ ಹಿಂದಿನ 12ನೇ ವಚನ ಓದಿ, ಇದು ಸುಮ್ನೆ ಕಟ್ಟಿದ ವಿವರಣೆಯಲ್ಲ. ಮತ್ತಾಯ 17ರಲ್ಲಿ ಎಲೀಯ ಮೋಶೆಯ ಜೊತೆ ಬೆಟ್ಟದ ಮೇಲೆ ಕಾಣಿಸಿಕೊಳ್ಳುತ್ತಾನೆ ಕೂಡ.

ಇನ್ನೊಂದು ಓದು: ಗಾಳಿ ಅವನನ್ನು ಭೂಮಿಯಲ್ಲೇ ಬೇರೆ ಕಡೆ ಒಯ್ದಿತು, ಅಷ್ಟೆ. ಆಧಾರ ಒಂದು ಪತ್ರ. 2 ಪೂರ್ವಕಾಲವೃತ್ತಾಂತ 21:12ರಲ್ಲಿ ಯೆಹೂದದ ಅರಸ ಯೆಹೋರಾಮನಿಗೆ ಎಲೀಯನಿಂದ ಕಾಗದ ಬರುತ್ತದೆ. ಎಲೀಯ ಏರಿಹೋದ ಮೇಲೆ ಬಂದದ್ದು ಎಂಬುದು ಇವರ ಲೆಕ್ಕ. ಆದರೆ ಎಲೀಯ ಅದನ್ನು ಮೊದಲೇ ಬರೆದಿಟ್ಟಿರಬಹುದು ಅಲ್ವಾ?

ಯೋಹಾನ 3:13ನ್ನು ಅಕ್ಷರಶಃ ಹಿಡಿಯುವವರಿಗೆ ಎರಡನೆಯದು ಹತ್ತಿರ. ನನಗೆ ಮೊದಲನೆಯದೇ ಸರಿ ಕಾಣುತ್ತದೆ.