ಕಾಜಿವಾ ಎಲೆಫಾಂಟ್ 900: ಸ್ಟಿಕ್ಕರ್‌ಗೆ ಮರುಳಾಗಬೇಡಿ, ಇಂಜಿನ್‌ಗೆ ಆಗಿ

ಇಟಲಿಯ ಕಾಜಿವಾ ಕಂಪನಿಯ ಹಳೇ ಬೈಕ್ ಎಲೆಫಾಂಟ್ 900 ಬಗ್ಗೆ ಮಾತು ಶುರುವಾದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಅದರ ಬಣ್ಣ. ಬಿಳಿ, ಕೆಂಪು, ಮೈಮೇಲೆ ಲಕ್ಕಿ ಎಕ್ಸ್‌ಪ್ಲೋರರ್ ಅನ್ನುವ ದೊಡ್ಡ ಸ್ಟಿಕ್ಕರ್, ಅದರ ಹಿಂದೆ ಸಿಗರೇಟ್ ಕಂಪನಿಯ ದುಡ್ಡು. ಆಮೇಲೆ ಡಾಕರ್, ಅಂದರೆ ಆಫ್ರಿಕಾದ ಮರುಭೂಮಿ ರ್ಯಾಲಿ, ಗೆದ್ದ ಮಾತು. ಎರಡೂ ಚೆಂದವೇ, ತಕರಾರಿಲ್ಲ. ಆದರೆ ಹಳೇ ಎಲೆಫಾಂಟ್ ಕೊಳ್ಳುವ ಆಸೆ ಇದ್ದರೆ ಇವೆರಡನ್ನೂ ಸ್ವಲ್ಪ ಪಕ್ಕಕ್ಕಿಡಿ. ಈ ಗಾಡಿಯಲ್ಲಿ ನಿಮ್ಮ ದುಡ್ಡಿಗೆ ಸಿಗುವ ನಿಜವಾದ ಮಾಲು ಇಂಜಿನ್.

ಅದು ಡುಕಾಟಿ ಇಂಜಿನ್. 1985ರಲ್ಲಿ ವರೇಸೆಯ ಕಾಸ್ಟಿಲ್ಯೋನಿ ಸೋದರರ ಕಾಜಿವಾ ಕಂಪನಿ ಡುಕಾಟಿಯನ್ನೇ ಕೊಂಡುಕೊಂಡಿತು. ಎಲೆಫಾಂಟ್ 650 ಆಗಿ ಶುರುವಾಗಿ, 750 ಆಗಿ, 1990ರ ಹೊತ್ತಿಗೆ 900 ಆಯಿತು. 904 ಸಿಸಿ, 90 ಡಿಗ್ರಿಯ ಎರಡು ಸಿಲಿಂಡರ್, ಗಾಳಿ ಮತ್ತು ಆಯಿಲ್‌ನಿಂದಲೇ ಕೂಲಿಂಗ್, ಸುಮಾರು 68 ಕುದುರೆ ಶಕ್ತಿ. ಇವತ್ತಿನ ಲೆಕ್ಕದಲ್ಲಿ 68 ಅಂದರೆ ನಗು ಬರಬಹುದು. ಸುಮ್ನೆ ಒಮ್ಮೆ ಓಡಿಸಿ ನೋಡಿ.

ತೀರಾ ಕೆಳಗಿನ ಆರ್‌ಪಿಎಂನಲ್ಲಿ ಗೊಣಗುತ್ತದೆ, ಚೈನ್ ಜಗ್ಗುತ್ತದೆ, ಟ್ರಾಫಿಕ್‌ನಲ್ಲಿ ಅಷ್ಟೇನೂ ಹಿತವಲ್ಲ. ಮೂರು ಸಾವಿರ ದಾಟಿದ ಮೇಲೆ ಕಥೆಯೇ ಬೇರೆ. ಥ್ರಾಟಲ್ ತಿರುಗಿಸಿದಷ್ಟೂ ಎಳೆತ ಬರುತ್ತದೆ, ಗೇರ್ ಇಳಿಸುವ ಅಗತ್ಯವೇ ಬೀಳುವುದಿಲ್ಲ, ತಿರುವಿನಿಂದ ಹೊರಬರುವಾಗ ಹಿಂದಿನ ಚಕ್ರ ರಸ್ತೆಯನ್ನು ಹಿಡಿದು ನೂಕುವುದು ಕೂತವರಿಗೆ ನೇರವಾಗಿ ತಿಳಿಯುತ್ತದೆ. ಸಿಲಿಂಡರ್‌ಗಳ ನಡುವೆ 90 ಡಿಗ್ರಿ ಇರುವುದರಿಂದ ಅದುರಾಟ ತುಂಬಾ ಕಮ್ಮಿ. ಫೈರಿಂಗ್, ಅಂದರೆ ಎರಡು ಸಿಲಿಂಡರ್‌ಗಳಲ್ಲಿ ಪೆಟ್ರೋಲ್ ಉರಿಯುವುದು, ಮಾತ್ರ ಸಮ ಅಂತರದಲ್ಲಿಲ್ಲ, ಸದ್ದಿಗೆ ಆ ಕುಂಟು ತಾಳ ಬರುವುದು ಅದರಿಂದಲೇ. ದಿನವಿಡೀ ಕೇಳಿದರೂ ಬೇಜಾರಾಗದ ಸದ್ದು ಅದು, ನನ್ನ ಮಟ್ಟಿಗೆ.

ಇದೇ ಇಂಜಿನ್‌ನಿಂದ ಒಂದು ತೊಂದರೆಯೂ ಇದೆ. ಮುಂದಿನ ಸಿಲಿಂಡರ್ ಹೆಚ್ಚೂಕಮ್ಮಿ ಮಲಗಿಕೊಂಡಿರುತ್ತದೆ, ಅದಕ್ಕೆ ಜಾಗ ಕೊಡಲು ಗಾಡಿ ಉದ್ದವಾಗಲೇಬೇಕು. ಹೆದ್ದಾರಿಯಲ್ಲಿ ಆ ಉದ್ದ ವರ. ಕಲ್ಲುಮಣ್ಣಿನ ಕಿರುದಾರಿಯಲ್ಲಿ ತಿರುಗಿಸಬೇಕಾದಾಗ ಅಲ್ಲ. 900ಕ್ಕೆ ಮುಂದೆ 19 ಇಂಚಿನ ಚಕ್ರ ಕೊಟ್ಟರು, ಅದೇ ಕಾಲದ ಎದುರಾಳಿ ಬೈಕ್ ಹೋಂಡಾ ಆಫ್ರಿಕಾ ಟ್ವಿನ್‌ಗೆ 21 ಇಂಚು. ಮರಳು, ಕಲ್ಲುದಾರಿಗೆ ದೊಡ್ಡ ಚಕ್ರ ಒಳ್ಳೆಯದು, ರಸ್ತೆಗೆ ಚಿಕ್ಕದು. ಕಾಜಿವಾದವರಿಗೆ ಗಾಡಿ ಎಲ್ಲಿ ಓಡುತ್ತದೆ ಅಂತ ಚೆನ್ನಾಗಿ ಗೊತ್ತಿತ್ತು, ಅಲ್ವಾ? ಜಲ್ಲಿ ರಸ್ತೆ, ಹಾಳಾದ ಟಾರು, ಹಳ್ಳಿಯ ಮಣ್ಣುರಸ್ತೆ, ಇವೆಲ್ಲ ಇದಕ್ಕೆ ಲೆಕ್ಕಕ್ಕಿಲ್ಲ. ಆಳದ ಮರಳಿಗೆ ಹೋಗುವುದಾದರೆ ನಿಮ್ಮ ತೋಳಿನ ಮೇಲೆ ಭರವಸೆ ಇರಲಿ.

ಹಾಗಾದರೆ ಡಾಕರ್ ಗೆದ್ದಿದ್ದು ಸುಳ್ಳಾ? ಖಂಡಿತ ಅಲ್ಲ. 1987ರಲ್ಲಿ ಫ್ರಾನ್ಸಿನ ಸವಾರ ಊಬೆರ್ ಓರಿಯೋಲ್ ಕಾಜಿವಾ ಮೇಲೆ ಮುಂದಿದ್ದರು, ಗುರಿ ಹತ್ತಿರ ಬಂದಾಗ ಬಿದ್ದು ಎರಡೂ ಪಾದದ ಗಂಟು ಮುರಿದುಕೊಂಡರು. 1990ರಲ್ಲಿ ಇಟಲಿಯ ಎಡಿ ಒರಿಯೋಲಿ ಕಾಜಿವಾ ಮೇಲೆ ಗೆದ್ದರು, 1994ರಲ್ಲಿ ಮತ್ತೆ ಅವರೇ. ಆದರೆ 1987, 1990ರ ಆ ರೇಸ್ ಗಾಡಿಗಳಿಗೂ ಶೋರೂಮಿಗೆ ಬಂದವಕ್ಕೂ ದೂರದ ನೆಂಟಸ್ತಿಕೆ ಇದೆ, ಅಷ್ಟೇ. ಇದನ್ನು ಮರೆತು ಕೊಂಡವರೇ ಆಮೇಲೆ ಗಾಡಿ ಭಾರ ಅಂತ ದೂರುವುದು. ಟ್ಯಾಂಕ್‌ಗೆ ಸುಮಾರು 24 ಲೀಟರ್ ಹಿಡಿಸುತ್ತದೆ. ತುಂಬಿಸಿದರೆ ತೂಕವೆಲ್ಲ ಮೇಲೆ ಕೂರುತ್ತದೆ, ನಿಲ್ಲಿಸಿ ತಳ್ಳುವಾಗ ಹುಷಾರು. ಓಡುತ್ತಿರುವಾಗ ಗೊತ್ತೇ ಆಗುವುದಿಲ್ಲ.

ಸೀಟು ಅಗಲ, ಕೂರುವ ಭಂಗಿ ನೆಟ್ಟಗೆ, ಹಿಂದೆ ಕೂತವರೂ ಗೊಣಗುವುದಿಲ್ಲ. ಹೆಡ್‌ಲೈಟ್ ಆ ಕಾಲದ್ದು, ರಾತ್ರಿ ಪ್ರಯಾಣ ಜಾಸ್ತಿ ಇದ್ದರೆ ಏನಾದರೂ ಮಾಡಲೇಬೇಕು.

ಇನ್ನು ನಿಜವಾದ ವಿಷಯ, ನಿರ್ವಹಣೆ. ಇಲ್ಲಿ ಯಾರೂ ನಿಮಗೆ ಸಿಹಿ ಸುಳ್ಳು ಹೇಳಬಾರದು. ಡುಕಾಟಿಯ ಡೆಸ್ಮೋ ಪದ್ಧತಿಯಲ್ಲಿ ವಾಲ್ವ್ ಮುಚ್ಚುವ ಕೆಲಸವನ್ನು ಸ್ಪ್ರಿಂಗ್‌ಗೆ ಬಿಟ್ಟಿಲ್ಲ, ಅದಕ್ಕೂ ಕ್ಯಾಮ್ (ತಿರುಗುವ ಉಬ್ಬು) ಮತ್ತು ಬೇರೆ ರಾಕರ್ (ಅದು ಅಲುಗಿಸುವ ಸಣ್ಣ ತೋಳು) ಇದೆ. ಒಂದು ರಾಕರ್ ತೆರೆಯುತ್ತದೆ, ಇನ್ನೊಂದು ಮುಚ್ಚುತ್ತದೆ. ಈ ಇಂಜಿನ್‌ನಲ್ಲಿ ವಾಲ್ವ್ ನಾಲ್ಕೇ, ಆದರೆ ನೋಡಬೇಕಾದ ಕ್ಲಿಯರೆನ್ಸ್, ಅಂದರೆ ಭಾಗಗಳ ನಡುವಿನ ಸಣ್ಣ ಸಂದು, ಎಂಟು. ಹೊಂದಿಸಲು ಶಿಮ್ ಅನ್ನುವ ತೆಳು ಬಿಲ್ಲೆ ಬೇಕು, ತಾಳ್ಮೆ ಬೇಕು, ಗೊತ್ತಿರುವ ಕೈ ಬೇಕು. ಕ್ಯಾಮ್ ತಿರುಗಿಸುವುದು ರಬ್ಬರ್ ಬೆಲ್ಟ್. ಅದು ಕಿತ್ತುಹೋದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ಅಲ್ಲಿಗೆ ಮುಗಿಯಿತು. ಎಷ್ಟು ಕಿಲೋಮೀಟರ್ ಓಡಿದೆ ಅನ್ನುವುದು ಇಲ್ಲಿ ಮುಖ್ಯವಲ್ಲ, ನಿಂತಿದ್ದರೂ ಬೆಲ್ಟ್ ಹಳೆಯದಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುವ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಾರುವವರು ಬೆಲ್ಟ್ ಬದಲಿಸಿದ ಬಿಲ್ ತೋರಿಸದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಾಕಿ, ಕೀ ತಿರುಗಿಸುವ ಮೊದಲೇ ಹೊಸದು ಹಾಕಿಸಿ.

ರಾಕರ್ ಮೇಲಿನ ಕ್ರೋಮ್ ಪದರ ಕಿತ್ತು ಬರುವುದು ಆ ಕಾಲದ ಡುಕಾಟಿ ಇಂಜಿನ್‌ಗಳ ಹಳೇ ರೋಗ. ಅದನ್ನೂ ತೆಗೆಸಿ ನೋಡಿ. ಚಾರ್ಜಿಂಗ್ ರೆಗ್ಯುಲೇಟರ್, ವೈರಿಂಗ್ ಕನೆಕ್ಟರ್‌ಗಳ ಮೇಲೆ ಕಣ್ಣಿಡಿ, ಒಂದು ಮಲ್ಟಿಮೀಟರ್ ಜೊತೆಗಿದ್ದರೆ ಒಳ್ಳೆಯದು. ಇಂಜಿನ್ ಬಿಡಿಭಾಗಗಳಿಗೆ ಅಷ್ಟು ಪರದಾಡಬೇಕಿಲ್ಲ, ಇದೇ 904 ಸಿಸಿ ಇಂಜಿನ್ ಡುಕಾಟಿ ಮಾನ್‌ಸ್ಟರ್ 900ರಲ್ಲೂ 900 ಎಸ್‌ಎಸ್‌ನಲ್ಲೂ ಇತ್ತು. ಕಷ್ಟ ಇರುವುದು ಪ್ಲಾಸ್ಟಿಕ್‌ನಲ್ಲಿ. ಫೇರಿಂಗ್, ಸೈಡ್ ಪ್ಯಾನೆಲ್, ಇಂಥವು ಮುರಿದಿದ್ದರೆ ಬೆಲೆ ಚೌಕಾಸಿ ಮಾಡುವ ಬದಲು ಬೇರೆ ಗಾಡಿ ಹುಡುಕುವುದೇ ವಾಸಿ.

ಒಮ್ಮೆ ಸ್ಟಾರ್ಟ್ ಮಾಡಿ ತಲೆಬಿಸಿ ಇಲ್ಲದೆ ತಿರುಗಬೇಕು ಅನ್ನುವವರು ಆಫ್ರಿಕಾ ಟ್ವಿನ್ ತೆಗೆದುಕೊಳ್ಳಿ, ಅದರಲ್ಲಿ ಅವಮಾನವೇನಿಲ್ಲ. ಮಣ್ಣಲ್ಲೂ ಅದೇ ಮೇಲು. ರಸ್ತೆಯಲ್ಲಿ ಮಾತ್ರ ಎಲೆಫಾಂಟ್ ಕೊಡುವ ಎಳೆತ ಅದರಲ್ಲಿಲ್ಲ.

900ರಲ್ಲಿ ಯಾವುದು ಅಂತ ಕೇಳಿದರೆ, ಮೊದಲು ಬಂದ ‘ಐ.ಇ.’ ಮಾದರಿಗೆ ವೆಬರ್-ಮರೆಲ್ಲಿ ಕಂಪನಿಯ ಎಲೆಕ್ಟ್ರಾನಿಕ್ ಇಂಜೆಕ್ಷನ್, ನಂತರದವಕ್ಕೆ ಕಾರ್ಬುರೇಟರ್. ಸಂಗ್ರಹಕಾರರು ಮೊದಲಿನದಕ್ಕೆ ಮುಗಿಬೀಳುತ್ತಾರೆ. ಓಡಿಸುವವರು ಕಾರ್ಬುರೇಟರ್‌ದನ್ನೇ ನೋಡಿ, ಕೆಟ್ಟರೆ ಬಿಚ್ಚಿ ತೊಳೆಯಬಹುದು. ಸ್ಟಿಕ್ಕರ್ ಬೇಡವೇ ಬೇಡ ಅನ್ನುವವರಿಗೆ 1998ರಲ್ಲಿ ಬಂದ ಗ್ರ್ಯಾನ್ ಕ್ಯಾನ್ಯನ್ ಇದೆ. ಅದೇ 904 ಸಿಸಿ, ಜೊತೆಗೆ ಇಂಜೆಕ್ಷನ್. ನೋಡಲು ಅಷ್ಟಕ್ಕಷ್ಟೇ, ಆದ್ದರಿಂದ ಅದರ ಹಿಂದೆ ಬೀಳುವವರೂ ಕಮ್ಮಿ.