ಮುಚ್ಚಿದ ದ್ವೀಪವನ್ನು ನಮಗೆ ಮಾರಿದರು: ಥಾಯ್ಲೆಂಡ್ ಪ್ಯಾಕೇಜ್ ತೆಗೆದುಕೊಳ್ಳುವವರು ಓದಿ

ಮಂಗಳೂರು, ಉಡುಪಿ ಕಡೆಯಿಂದ ಫ್ರೆಂಡ್ಸ್ ಸೇರಿಕೊಂಡು ಫುಕೆಟ್‌ಗೆ ಹೊರಟವರು, ಅದರಲ್ಲೂ ಸ್ಕೂಬಾ (ಸಿಲಿಂಡರ್ ಕಟ್ಟಿಕೊಂಡು ನೀರಿನ ಕೆಳಗೆ ಹೋಗುವುದು), ಸ್ನಾರ್ಕ್ಲಿಂಗ್ (ಮುಖಕ್ಕೆ ಮಾಸ್ಕ್, ಬಾಯಿಗೆ ಕೊಳವೆ ಹಾಕಿಕೊಂಡು ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡುವುದು) ಎಂದು ಆಸೆ ಇಟ್ಟುಕೊಂಡವರು, ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಪೂರ್ತಿ ಓದಿ. ಥಾಯ್ಲೆಂಡಿನ ಸಿಮಿಲನ್ ದ್ವೀಪಗಳು ಪ್ರತಿ ವರ್ಷ ಮೇ 16ರಿಂದ ಅಕ್ಟೋಬರ್ 14ರವರೆಗೆ ಮುಚ್ಚಿರುತ್ತವೆ. ಪ್ರತಿ ವರ್ಷ. ಅವತ್ತಿನ ಗಾಳಿ ಮಳೆ ನೋಡಿ ಮುಚ್ಚುವುದಲ್ಲ. ಅದು ರಾಷ್ಟ್ರೀಯ ಉದ್ಯಾನ, ಮಳೆಗಾಲಕ್ಕೆ ಅಲ್ಲಿನ ಇಲಾಖೆಯವರೇ ಬಾಗಿಲು ಹಾಕುತ್ತಾರೆ. ಆ ದ್ವೀಪವನ್ನು ಮಂಗಳೂರಿನ ಒಬ್ಬ ಟ್ರಾವೆಲ್ ಏಜೆಂಟ್ ನಮಗೆ 2025ರ ಸೆಪ್ಟೆಂಬರ್‌ಗೆ ಮಾರಿದರು. ಜುಲೈ ತಿಂಗಳಲ್ಲಿ ಮಲ್ಪೆಯಲ್ಲಿ ನಿಂತು ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಟಿಕೆಟ್ ಮಾರಿದ ಹಾಗೆ. ಕರಾವಳಿಯಲ್ಲಿ ಹುಟ್ಟಿ ಬೆಳೆದವರು ಕರಾವಳಿಯವರಿಗೇ ಹೀಗೆ ಮಾಡಿದರು. ಅದೇ ನನಗೆ ಇನ್ನೂ ತಡೆದುಕೊಳ್ಳಲು ಆಗುತ್ತಿಲ್ಲ.

ನಾವು ಹೆಂಗಸರೇ ಸೇರಿದ ಗುಂಪು. ಕಾಲೇಜಿನಿಂದಲೂ ಒಟ್ಟಿಗೆ ಇರುವವರು. ಒಬ್ಬಳು ಕುಂದಾಪುರ, ಒಬ್ಬಳು ಮಣಿಪಾಲ, ಇಬ್ಬರು ಸುರತ್ಕಲ್ ಕಡೆ, ಉಳಿದವರು ಉಡುಪಿ. ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಏನಾದರೂ ಹೊಸದು ಮಾಡಬೇಕು ಎಂದು ಶುರು ಮಾಡಿದೆವು. ಮೂಲ್ಕಿ ಹತ್ತಿರ ಸಸಿಹಿತ್ಲುವಿನಲ್ಲಿ ಸರ್ಫಿಂಗ್ ಕಲಿತೆವು. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಸ್ಕೂಬಾ ಮಾಡಿದೆವು. ನೀರಿನ ಕೆಳಗೆ ಮೊದಲ ಸಲ ಉಸಿರು ಎಳೆದ ಮೇಲೆ ಯಾರಿಗೂ ಅಲ್ಲಿಗೆ ನಿಲ್ಲಿಸಲು ಮನಸ್ಸಿರಲಿಲ್ಲ. ಮುಂದಿನದು ಹೊರದೇಶ ಎಂದು ತೀರ್ಮಾನ ಆಯಿತು. ಒಬ್ಬೊಬ್ಬರೂ ತಿಂಗಳು ತಿಂಗಳು ಕೂಡಿಟ್ಟ ದುಡ್ಡು. ಮನೆಯಲ್ಲಿ ಎಲ್ಲರೂ ಖುಷಿಯಿಂದ ಕಳಿಸಿದರು ಎಂದೇನಿಲ್ಲ. "ಈ ವಯಸ್ಸಿಗೆ ಇದೆಲ್ಲ ಎಂತಕ್ಕೆ" ಎಂದು ಕೇಳಿಸಿಕೊಂಡೇ ಹೊರಟವರು ನಾವು.

ಎಲ್ಲರ ಹತ್ತಿರ ದುಡ್ಡು ಒಟ್ಟು ಮಾಡಿ ಏಜೆಂಟರಿಗೆ ಕೊಟ್ಟದ್ದು ನಾನು. ಆದ್ದರಿಂದ ಅವರ ಪ್ರತಿ ಮೆಸೇಜ್ ನನ್ನ ಫೋನಿನಲ್ಲಿ ಉಂಟು.

ಅವರು ವಾಟ್ಸಾಪ್‌ನಲ್ಲಿ ಕಳಿಸಿದ ಪ್ಲಾನ್ ಹೀಗಿತ್ತು. ಒಂದು ದಿನ ಸಿಮಿಲನ್ ದ್ವೀಪ, ಸ್ಪೀಡ್ ಬೋಟ್, ಸ್ನಾರ್ಕ್ಲಿಂಗ್. ಒಂದು ದಿನ ಫಿಫಿ ದ್ವೀಪ, "ಮಾಯಾ ಬೇಯಲ್ಲಿ ಈಜು". ಕೊನೆಯ ದಿನ ಸ್ಕೂಬಾ. ದೊಡ್ಡ ಕಲ್ಲುಬಂಡೆ, ನೀಲಿ ನೀರು, ಕೆಳಗೆ ಮೀನಿನ ಹಿಂಡು, ಅಂಥ ಫೋಟೋಗಳು. ತಲೆಗೆ 72 ಸಾವಿರ. ಅದರ ಮೇಲೆ ವೀಸಾ 3,000. ಅದರ ಮೇಲೆ ಟಿಸಿಎಸ್ (ಪ್ಯಾಕೇಜ್ ಮಾರುವವರೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) 5%, ಅಂದರೆ 3,600. "ಆಲ್ ಇನ್‌ಕ್ಲೂಡೆಡ್ ಅಕ್ಕಾ, ಅಲ್ಲಿ ಪರ್ಸ್ ತೆಗೆಯುವ ಕೆಲಸವೇ ಇಲ್ಲ" ಎಂದರು.

ನಾನು ಮಳೆಯ ವಿಷಯ ಕೇಳಿದ್ದೆ. ಬಾಯಿಮಾತಲ್ಲಿ ಅಲ್ಲ, ಬರೆದೇ ಕೇಳಿದ್ದೆ. ಸೆಪ್ಟೆಂಬರ್‌ನಲ್ಲಿ ಅಲ್ಲಿ ಸಮುದ್ರ ಹೇಗಿರುತ್ತದೆ, ನಮ್ಮಲ್ಲಿ ನೇತ್ರಾಣಿಗೂ ಮಳೆಗಾಲದಲ್ಲಿ ಬೋಟ್ ಬಿಡುವುದಿಲ್ಲವಲ್ಲ ಎಂದು. ಅವರ ಉತ್ತರ: "ಅದು ಬೇರೆ ಸಮುದ್ರ ಅಕ್ಕಾ. ನಮ್ಮ ಮಳೆ ಅಲ್ಲಿ ಇಲ್ಲ. ಟೆನ್ಷನ್ ಮಲ್ಪೊಡ್ಚಿ." ತುಳುವಿನಲ್ಲಿ, ಟೆನ್ಷನ್ ಮಾಡಬೇಡಿ ಎಂದು.

ಅದು ಸುಳ್ಳು. ಫುಕೆಟ್, ಫಿಫಿ, ಕ್ರಾಬಿ, ಸಿಮಿಲನ್ ಎಲ್ಲ ಇರುವುದು ಅಂಡಮಾನ್ ಸಮುದ್ರದ ಕಡೆ. ನಮಗೆ ಮಳೆ ತರುವ ಅದೇ ನೈಋತ್ಯ ಮಾನ್ಸೂನ್ ಅಲ್ಲಿಗೂ ಹೋಗುತ್ತದೆ. ಮೇಯಿಂದ ಅಕ್ಟೋಬರ್‌ವರೆಗೆ ಅಲ್ಲೂ ಮಳೆಗಾಲವೇ. ಥಾಯ್ಲೆಂಡಿನ ಇನ್ನೊಂದು ಬದಿ, ಪೂರ್ವದ ಕೊಲ್ಲಿಯಲ್ಲಿ ಕೊ ಟಾವೊ ಎಂಬ ದ್ವೀಪ ಉಂಟು. ಸ್ಕೂಬಾ ಕಲಿಯಲು ಪ್ರಪಂಚದ ಎಲ್ಲ ಕಡೆಯಿಂದ ಜನ ಹೋಗುವ ಜಾಗ. ಅಲ್ಲಿ ಜೋರು ಮಳೆ ಬರುವುದು ಅಕ್ಟೋಬರ್ ನಂತರ. ಸೆಪ್ಟೆಂಬರ್‌ಗೆ ಅಲ್ಲಿಗೆ ಕಳಿಸಬಹುದಿತ್ತು. ನಾನು ಕೇಳಿದಾಗ ಇಷ್ಟು ಹೇಳಿದ್ದರೆ ನಾವು ಅಲ್ಲಿಗೇ ಹೋಗುತ್ತಿದ್ದೆವು. ಹೇಳಲಿಲ್ಲ. ಫುಕೆಟ್‌ನಲ್ಲಿ ಅವರ ಪರಿಚಯದ ಹೋಟೆಲ್ ಇತ್ತು, ಮಳೆಗಾಲಕ್ಕೆ ರೇಟ್ ಕಡಿಮೆ ಇತ್ತು, ಅಷ್ಟೇ.

ಹೋಗಿ ಇಳಿದೆವು. ಪಾಟೊಂಗ್ ಬೀಚಿನಲ್ಲಿ ಉದ್ದಕ್ಕೂ ಕೆಂಪು ಬಾವುಟ. ನೀರಿಗೆ ಇಳಿಯಬೇಡಿ ಎಂದು ಅರ್ಥ. ಅಲೆ ನೋಡಿದರೆ ನಮ್ಮ ಪಣಂಬೂರಿನ ಆಷಾಢದ ಅಲೆ. ಆದರೂ ಸಿಮಿಲನ್ ದೂರ ಉಂಟಲ್ಲ, ಅಲ್ಲಿ ಸರಿ ಇರಬಹುದು ಎಂದುಕೊಂಡೆವು.

ಸಿಮಿಲನ್ ದಿನ ಬೆಳಿಗ್ಗೆ ವ್ಯಾನ್ ಬಂತು. ಸಿಮಿಲನ್‌ಗೆ ಬೋಟ್ ಹೊರಡುವುದು ಖಾವೊ ಲಾಕ್ ಹತ್ತಿರದ ಟಾಪ್ ಲಾಮು ಜೆಟ್ಟಿಯಿಂದ. ಫುಕೆಟ್ ದಾಟಿ ಉತ್ತರಕ್ಕೆ ಹೋಗಬೇಕು. ಮಣಿಪಾಲದವಳು ಫೋನಿನಲ್ಲಿ ಮ್ಯಾಪ್ ಹಾಕಿಕೊಂಡು ಕೂತಿದ್ದಳು. "ನಾವು ದಕ್ಷಿಣಕ್ಕೆ ಹೋಗ್ತಾ ಇದ್ದೇವಲ್ಲ" ಎಂದಳು. ಡ್ರೈವರ್ ಹತ್ತಿರ ಕೇಳಿದೆವು, ಸಿಮಿಲನ್ ಅಲ್ವಾ ಎಂದು. ಅವನು ಕನ್ನಡಿಯಲ್ಲಿ ನಮ್ಮನ್ನು ನೋಡಿ ಹೇಳಿದ: "ಸಿಮಿಲನ್ ನೋ. ಸಿಮಿಲನ್ ಕ್ಲೋಸ್. ಅಕ್ಟೋಬರ್ ಓಪನ್. ಎವ್ರಿ ಇಯರ್."

ಎವ್ರಿ ಇಯರ್. ವ್ಯಾನಿನಲ್ಲಿ ಒಬ್ಬರೂ ಮಾತಾಡಲಿಲ್ಲ. ಎಲ್ಲರೂ ನನ್ನನ್ನು ನೋಡಿದರು. ಯಾರೂ ಒಂದು ಮಾತು ಬೈಯಲಿಲ್ಲ, ಆದರೆ ಎಲ್ಲರೂ ನನ್ನನ್ನು ನೋಡಿದರು. ಆ ಕ್ಷಣದ ಅವಮಾನ ಇದೆಯಲ್ಲ, ಅದಕ್ಕೆ ಈ ಬರಹ ಬರೆಯುತ್ತಿದ್ದೇನೆ. ಫುಕೆಟ್‌ನ ವ್ಯಾನ್ ಡ್ರೈವರ್‌ಗೆ ಗೊತ್ತಿರುವುದು ವರ್ಷಕ್ಕೆ ಎಷ್ಟೋ ಗುಂಪುಗಳನ್ನು ಥಾಯ್ಲೆಂಡ್‌ಗೆ ಕಳಿಸುವ ಏಜೆಂಟರಿಗೆ ಗೊತ್ತಿಲ್ಲ ಎಂದು ನಂಬಲು ಸಾಧ್ಯವಾ?

ಅಲ್ಲಿಂದಲೇ ಮೆಸೇಜ್ ಹಾಕಿದೆ. ಉತ್ತರ ಬಂತು: "ವೆದರ್ ಪ್ರಾಬ್ಲಮ್ ಅಕ್ಕಾ. ನೇಚರ್ ಅಲ್ವಾ, ನಮ್ಮ ಕೈಯಲ್ಲಿ ಎಂತ ಉಂಟು?"

ಪ್ರತಿ ವರ್ಷ ಮುಚ್ಚುತ್ತದಂತೆ ಎಂದು ಹಾಕಿದೆ. "ಇಲ್ಲ ಅಕ್ಕಾ, ಈ ಸಲ ಸಡನ್ ಆಗಿ ಕ್ಲೋಸ್ ಮಾಡಿದ್ದಾರೆ."

ಮುಚ್ಚುವ ತಾರೀಕುಗಳು ಇರುವ ಪುಟದ ಫೋಟೋ ಕಳಿಸಿದೆ. ಎರಡು ನೀಲಿ ಗೆರೆ ಬಿತ್ತು. ತುಂಬಾ ಹೊತ್ತಿನ ಮೇಲೆ: "ನೀರು ಎಲ್ಲ ಕಡೆ ಒಂದೇ ಅಕ್ಕಾ. ಎಂಜಾಯ್ ಮಾಡಿ."

ನಮ್ಮನ್ನು ಕರೆದುಕೊಂಡು ಹೋದದ್ದು ಕೋರಲ್ ಐಲ್ಯಾಂಡ್ ಎನ್ನುವ ಕಡೆಗೆ. ಫುಕೆಟ್ ಪಕ್ಕದಲ್ಲೇ ಇರುವ ದ್ವೀಪ, ಸ್ಪೀಡ್ ಬೋಟಿನಲ್ಲಿ ಕಾಲು ಗಂಟೆಯ ದಾರಿ. ಸಿಮಿಲನ್ ಇರುವುದು ತೀರದಿಂದ 60 ಕಿಲೋಮೀಟರಿಗಿಂತ ಜಾಸ್ತಿ ದೂರದಲ್ಲಿ. ಎರಡರ ಖರ್ಚು ಒಂದೇ ಅಲ್ಲ, ಇದು ಯಾರಿಗಾದರೂ ಅರ್ಥ ಆಗುತ್ತದೆ. ವ್ಯತ್ಯಾಸದ ದುಡ್ಡು ಎಲ್ಲಿ ಹೋಯಿತು? ಇವತ್ತಿನವರೆಗೂ ಉತ್ತರ ಇಲ್ಲ.

ಅವತ್ತು ರಾತ್ರಿ ರೂಮಿನಲ್ಲಿ ಕೂತು ಎಲ್ಲ ಕಾಗದ ತೆಗೆದು ನೋಡಿದೆವು. ಆಗ ಇನ್ನೊಂದು ಕಂಡಿತು. ಮೊದಲು ವಾಟ್ಸಾಪ್‌ನಲ್ಲಿ ಕಳಿಸಿದ ಪ್ಲಾನಿನಲ್ಲಿ "ಸಿಮಿಲನ್ ಐಲ್ಯಾಂಡ್ಸ್" ಎಂದು ದಪ್ಪ ಅಕ್ಷರದಲ್ಲಿ ಇತ್ತು. ಪೂರ್ತಿ ದುಡ್ಡು ಹೋದ ಮೇಲೆ ಕೊಟ್ಟ ಬಿಲ್ಲಿನಲ್ಲಿ ಬರೀ "ಐಲ್ಯಾಂಡ್ ಟೂರ್ ಬೈ ಸ್ಪೀಡ್ ಬೋಟ್". ಹೆಸರೇ ಇಲ್ಲ. ಮಾಯಾ ಬೇ ಹೆಸರೂ ಮಾಯ, ಅಲ್ಲಿ "ಫಿಫಿ ಸೈಟ್ ಸೀಯಿಂಗ್" ಮಾತ್ರ. ಯಾರೋ ಕೂತು, ಯೋಚನೆ ಮಾಡಿ, ಹೆಸರು ತೆಗೆದಿದ್ದಾರೆ. ಗೊತ್ತಿಲ್ಲದೆ ಆದದ್ದಲ್ಲ. ಗೊತ್ತಿದ್ದೇ ಮಾಡಿದ್ದು.

ಮಾಯಾ ಬೇ ಕಥೆಯೂ ಅದೇ. ಜನ ಜಾಸ್ತಿಯಾಗಿ ಹವಳ ಹಾಳಾಯಿತು ಎಂದು 2018ರಲ್ಲಿ ಮುಚ್ಚಿ, 2022ರ ಜನವರಿಯಲ್ಲಿ ಮತ್ತೆ ತೆರೆದ ಜಾಗ ಅದು. ಈಗ ವರ್ಷವೂ ಆಗಸ್ಟ್ 1ರಿಂದ ಸೆಪ್ಟೆಂಬರ್ 30ರವರೆಗೆ ಬಂದ್. ತೆರೆದಿರುವಾಗಲೂ ಅಲ್ಲಿ ಈಜಲು ಬಿಡುವುದಿಲ್ಲ. ಅಂದರೆ "ಮಾಯಾ ಬೇಯಲ್ಲಿ ಈಜು" ಎನ್ನುವುದು ಯಾವ ತಿಂಗಳಲ್ಲೂ ಆಗುವ ಕೆಲಸ ಅಲ್ಲ. ಫಿಫಿಗೆ ಹೋದಾಗ ಪಾರ್ಕ್ ಫೀ ಎಂದು ತಲೆಗೆ 400 ಬಾತ್ ನಮ್ಮಿಂದಲೇ ತೆಗೆದುಕೊಂಡರು. ಪರ್ಸ್ ತೆಗೆಯುವ ಕೆಲಸವೇ ಇಲ್ಲ ಎಂದಿದ್ದರಲ್ಲ!

ಇಷ್ಟರವರೆಗೆ ದುಡ್ಡಿನ ಮೋಸ. ಮುಂದಿನದು ಜೀವದ ವಿಷಯ.

ಕೊನೆಯ ದಿನ ಬೆಳಿಗ್ಗೆ ಸ್ಕೂಬಾ, ಸಂಜೆ ಫ್ಲೈಟ್ ಎಂದು ಪ್ಲಾನಿನಲ್ಲಿತ್ತು. ಕುಂದಾಪುರದವಳಿಗೆ ನೇತ್ರಾಣಿಯಲ್ಲಿ ಇನ್‌ಸ್ಟ್ರಕ್ಟರ್ ಹೇಳಿದ್ದು ನೆನಪಿತ್ತು. ಸ್ಕೂಬಾ ಮಾಡಿದ ದಿನವೇ ವಿಮಾನ ಹತ್ತಬಾರದು. ಒಂದೇ ಸಲ ಮುಳುಗಿದ್ದರೆ ಕಡಿಮೆ ಅಂದರೂ 12 ಗಂಟೆ, ಒಂದಕ್ಕಿಂತ ಜಾಸ್ತಿ ಸಲ ಆದರೆ 18 ಗಂಟೆ ಬಿಡಬೇಕು. ನೀರಿನ ಒತ್ತಡದಲ್ಲಿ ಸಾರಜನಕ ರಕ್ತದಲ್ಲಿ ಸೇರಿಕೊಂಡಿರುತ್ತದೆ. ವಿಮಾನದೊಳಗೆ ಒತ್ತಡ ಕಡಿಮೆ, ಆಗ ಅದು ಗುಳ್ಳೆಯಾಗಿ ಏಳುತ್ತದೆ. ಗಂಟುನೋವಿನಿಂದ ಹಿಡಿದು ಲಕ್ವದವರೆಗೆ ಆಗಬಹುದು. ನಾವು ಸ್ಕೂಬಾ ಬಿಟ್ಟೆವು. ಯಾವುದಕ್ಕಾಗಿ ಇಷ್ಟು ದೂರ ಹೋದೆವೋ ಅದನ್ನೇ ಬಿಟ್ಟೆವು. ನಮ್ಮಲ್ಲಿ ಒಬ್ಬಳಿಗೆ ಆಸ್ತಮಾ ಉಂಟು. ನೇತ್ರಾಣಿಯಲ್ಲಿ ನೀರಿಗೆ ಇಳಿಯುವ ಮುಂಚೆ ಆರೋಗ್ಯದ ಫಾರಂ ತುಂಬಿಸಿದ್ದರು. ಈ ಏಜೆಂಟರು ಯಾರಿಗೆ ಏನು ಕಾಯಿಲೆ ಎಂದು ಒಂದು ಮಾತೂ ಕೇಳಿರಲಿಲ್ಲ. ಅವರೇ ಮಾಡಿಸಿಕೊಟ್ಟ ಇನ್ಶೂರೆನ್ಸ್ ತೆರೆದು ಓದಿದರೆ ಸ್ಕೂಬಾ ಅದರಲ್ಲಿ ಸೇರಿಲ್ಲ. ಏನಾದರೂ ಆಗಿದ್ದರೆ?

ಫೋನ್ ಮಾಡಿ ಇದನ್ನು ಹೇಳಿದಾಗ ಆ ಕಡೆಯಿಂದ, "ಎಷ್ಟೋ ಜನ ಹಾಗೇ ಹೋಗಿ ಬಂದಿದ್ದಾರೆ ಅಕ್ಕಾ, ಯಾರಿಗೂ ಎಂತದೂ ಆಗಿಲ್ಲ. ನೀವು ಸುಮ್ನೆ ಹೆದರ್ತೀರಿ." ಸ್ಕೂಬಾದ ದುಡ್ಡು ವಾಪಸ್ ಕೇಳಿದೆ. "ನೀವಾಗಿ ಬಿಟ್ಟದ್ದಲ್ವಾ."

ಊರಿಗೆ ಬಂದ ಮೇಲೆ ಆಫೀಸಿಗೆ ಹೋದೆವು. ಫೋನಿನಲ್ಲಿ ಅಕ್ಕಾ ಅಕ್ಕಾ ಎನ್ನುತ್ತಿದ್ದವರು ಮುಖ ಎತ್ತಿ ನೋಡಲಿಲ್ಲ. ಕೊನೆಗೆ ಹೇಳಿದ ಮಾತು: "ನೀವು ಲೇಡೀಸ್ ಅಷ್ಟು ದೂರ ಸೇಫ್ ಆಗಿ ಹೋಗಿ ಬಂದ್ರಲ್ಲ, ಅದೇ ದೊಡ್ಡದು." ಸುರತ್ಕಲ್‌ನವಳು ಅಲ್ಲೇ ಜೋರು ಮಾಡಿದಳು. ಸರಿಯಾಗೇ ಮಾಡಿದಳು. ಗಂಡಸರ ಗುಂಪಿಗೆ ಈ ಮಾತು ಹೇಳುತ್ತಿದ್ದರಾ?

ವೀಸಾದ 3,000 ಕೂಡ ಕೇಳಿದೆ. 2023ರ ನವೆಂಬರ್‌ನಿಂದಲೇ ಭಾರತದವರು ಪ್ರವಾಸಕ್ಕೆ ವೀಸಾ ಇಲ್ಲದೆ ಥಾಯ್ಲೆಂಡ್‌ಗೆ ಹೋಗುತ್ತಿದ್ದರು. ನಾವು ಹೋದಾಗಲೂ ವೀಸಾ ಬೇಕಿರಲಿಲ್ಲ. 2025ರ ಮೇ 1ರಿಂದ ಆನ್‌ಲೈನ್ ಅರೈವಲ್ ಕಾರ್ಡ್ ತುಂಬಬೇಕು, ಅದು ಪೂರ್ತಿ ಉಚಿತ, ತಲುಪುವುದಕ್ಕೆ ಮುಂಚಿನ ಮೂರು ದಿನದೊಳಗೆ ನಾವೇ ಫೋನಿನಲ್ಲಿ ತುಂಬಬಹುದು. "ಅದರ ಪ್ರೊಸೆಸಿಂಗ್ ಚಾರ್ಜ್ ಅಕ್ಕಾ" ಎಂದರು. ಉಚಿತ ಫಾರಂ ತುಂಬಲು ತಲೆಗೆ ಮೂರು ಸಾವಿರ.

ಕೊನೆಗೆ ಟಿಸಿಎಸ್. ಇದನ್ನು ಜನ ನೋಡುವುದೇ ಇಲ್ಲ, ದಯವಿಟ್ಟು ನೋಡಿ. ಹೊರದೇಶದ ಪ್ಯಾಕೇಜ್ ಮಾರುವಾಗ ಏಜೆಂಟರು ಟಿಸಿಎಸ್ ಹಿಡಿದು ನಮ್ಮ ಪ್ಯಾನ್ ನಂಬರಿಗೆ ಸರ್ಕಾರಕ್ಕೆ ಕಟ್ಟಬೇಕು. 2025ರಲ್ಲಿ ನಮ್ಮಂಥ ಮೊತ್ತಕ್ಕೆ 5% ಇತ್ತು. ಅದು ನಮ್ಮ ದುಡ್ಡು. ರಿಟರ್ನ್ ಹಾಕುವಾಗ ನಮ್ಮ ತೆರಿಗೆಗೆ ವಜಾ ಆಗುತ್ತದೆ ಅಥವಾ ವಾಪಸ್ ಬರುತ್ತದೆ. ಕಟ್ಟಿದ್ದರೆ ನಮ್ಮ ಹೆಸರಿಗೆ ಕಟ್ಟಿದ ತೆರಿಗೆ ತೋರಿಸುವ ಫಾರಂ 26ಎಎಸ್‌ನಲ್ಲಿ ಕಾಣಬೇಕು. ನಮ್ಮ ಗುಂಪಿನಲ್ಲಿ ಒಬ್ಬಳು ಸಿಎ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಎಲ್ಲರದೂ ತೆಗೆದು ನೋಡಿದಳು. ಒಬ್ಬರದರಲ್ಲೂ ಒಂದು ರೂಪಾಯಿ ಇಲ್ಲ. ಆಗ ನೆನಪಾಯಿತು, ಅವರು ನಮ್ಮಿಂದ ಪಾಸ್‌ಪೋರ್ಟ್ ಮಾತ್ರ ತೆಗೆದುಕೊಂಡಿದ್ದರು, ಪ್ಯಾನ್ ಕೇಳಿಯೇ ಇರಲಿಲ್ಲ! ಕೇಳಿದರೆ, "ಅದು ಆಫೀಸ್ ಚಾರ್ಜಲ್ಲಿ ಅಡ್ಜಸ್ಟ್ ಆಗಿದೆ." ತೆರಿಗೆ ಎಂದು ತೆಗೆದುಕೊಂಡ ದುಡ್ಡು ಆಫೀಸ್ ಚಾರ್ಜಿನಲ್ಲಿ ಅಡ್ಜಸ್ಟ್ ಆಗುತ್ತದಂತೆ.

ನೀವು ಹೋಗುವವರಾದರೆ ದ್ವೀಪದ ಹೆಸರು ಬಿಲ್ಲಿನಲ್ಲಿ ಬರೆಸಿ, ಬರೀ ವಾಟ್ಸಾಪ್ ಫೋಟೋ ನಂಬಬೇಡಿ. ಪ್ಯಾನ್ ಕೇಳದೆ ಟಿಸಿಎಸ್ ಕೇಳಿದರೆ ಎದ್ದು ಬನ್ನಿ. "ಅಕ್ಕಾ ಟೆನ್ಷನ್ ಬೇಡ" ಎಂದವರ ಹತ್ತಿರ ಎರಡನೇ ಸಲ ಕೇಳಿ, ಬರೆದುಕೊಡಿ ಎನ್ನಿ. ಸ್ಕೂಬಾ ಇದ್ದರೆ ಮೊದಲ ದಿನಗಳಲ್ಲೇ ಇಟ್ಟುಕೊಳ್ಳಿ.

ಮೋಸ ಹೋದವರು ನಾಚಿಕೆಯಿಂದ ಸುಮ್ಮನೆ ಕೂರಬೇಡಿ. 1915 ಗ್ರಾಹಕ ಸಹಾಯವಾಣಿ, ಅಲ್ಲಿ ದೂರು ಕೊಡಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. ಕೊಟ್ಟ ದುಡ್ಡು 5 ಲಕ್ಷದೊಳಗೆ ಇದ್ದರೆ ಫೀಸ್ ಇಲ್ಲ. ಏಜೆಂಟ್ ಮಂಗಳೂರಿನವರಾದರೂ ನೀವು ಇರುವ ಉಡುಪಿಯಲ್ಲೇ ಹಾಕಬಹುದು, 2019ರ ಕಾಯ್ದೆಯಲ್ಲಿ ಅದಕ್ಕೆ ಅವಕಾಶ ಉಂಟು. ನಾವು ಒಬ್ಬೊಬ್ಬರೂ ಬೇರೆ ಬೇರೆಯಾಗಿ ಹಾಕುತ್ತಿದ್ದೇವೆ. ಮೆಸೇಜ್, ಬಿಲ್, ವೋಚರ್ ಎಲ್ಲ ಪ್ರಿಂಟ್ ತೆಗೆದು ಇಟ್ಟಿದ್ದೇವೆ.

ಈ ಬರಹ ಇವತ್ತೇ ಹಾಕಲು ಒಂದು ಕಾರಣ ಉಂಟು. ನಿನ್ನೆ ಅದೇ ಏಜೆಂಟರ ಸ್ಟೇಟಸ್ ನೋಡಿದೆ. "ಲೇಡೀಸ್ ಸ್ಪೆಷಲ್, ಫುಕೆಟ್ ವಿತ್ ಸಿಮಿಲನ್, ಮೇ ಕೊನೆಯ ವಾರ, ಕೆಲವೇ ಸೀಟ್ ಬಾಕಿ" ಎಂದು ಹಾಕಿದ್ದಾರೆ. ಅದೇ ಫೋಟೋ, ಅದೇ ಕಲ್ಲುಬಂಡೆ. ಮೇ 16ಕ್ಕೆ ಸಿಮಿಲನ್ ಮುಚ್ಚುತ್ತದೆ. ಆ ಸೀಟಿಗೆ ಅಡ್ವಾನ್ಸ್ ಕೊಟ್ಟವರು ಇದನ್ನು ಓದುತ್ತಿದ್ದರೆ, ನಾಳೆಗೆ ಇಡಬೇಡಿ, ಇವತ್ತೇ ಬರೆದು ವಾಪಸ್ ಕೇಳಿ.