ಫಿನಾಲೆ ಲಿಗುರೆಗೆ ಮಕ್ಕಳ ಜೊತೆ ಹೊರಟಿದ್ದೀರಾ? ಶಟಲ್ ವ್ಯಾನ್ ಹತ್ತುವ ಮೊದಲು ಇದನ್ನು ಓದಿ

ಬೇಸಿಗೆ ರಜೆಗೆ ಇಟಲಿಯ ಕಡಲ ತೀರಕ್ಕೆ ಹೋಗಿ, ಹಾಗೇ ಒಂದೆರಡು ದಿನ ಮೌಂಟನ್ ಬೈಕಿಂಗೂ ಮಾಡಿಬಿಡೋಣ ಅಂತ ಯೋಚಿಸುತ್ತಿರುವವರು ಜರ್ಮನಿಯ ಕನ್ನಡದವರಲ್ಲಿ ಸುಮಾರು ಜನ ಇದ್ದೀರಿ. ಹೋದ ವಾರ ಇಬ್ಬರು ಸ್ನೇಹಿತರು ಇದೇ ವಿಷಯ ಕೇಳಲು ಫೋನ್ ಮಾಡಿದ್ದರು. ಇಬ್ಬರಿಗೂ ಒಂದೊಂದು ಗಂಟೆ ಹೇಳಿದೆ. ಕೇಳದೆ ಹೊರಟವರು ಇನ್ನೆಷ್ಟು ಜನರೋ ಅನಿಸಿ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಆದರೆ ಮಕ್ಕಳನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಪೂರ್ತಿ ಓದಿ.

ನಾವಿರುವುದು ಸ್ಟುಟ್‌ಗಾರ್ಟ್ ಪಕ್ಕ. ಕಳೆದ ಆಗಸ್ಟ್‌ನಲ್ಲಿ ಐದು ಜನ ಹೊರಟೆವು. ನಾನು, ನನ್ನ ಗಂಡ, 13 ವರ್ಷದ ಮಗ, 7 ವರ್ಷದ ಮಗಳು, ಮತ್ತೆ ಶಿವಮೊಗ್ಗದಿಂದ ಬಂದಿದ್ದ ನಮ್ಮ ಅತ್ತೆ. ಊರು ಫಿನಾಲೆ ಲಿಗುರೆ. ಜಿನೋವಾದಿಂದ ಪಶ್ಚಿಮಕ್ಕೆ ಹೋದರೆ ಸವೋನಾ ದಾಟಿದ ಮೇಲೆ ಸಿಗುತ್ತದೆ. ಮುಂದೆ ಸಮುದ್ರ, ಬೆನ್ನಿಗೇ ಬೆಟ್ಟ. ಎಂಡ್ಯೂರೋ ವರ್ಲ್ಡ್ ಸೀರೀಸ್ ಎಂಬ ಮೌಂಟನ್ ಬೈಕ್ ರೇಸುಗಳು ನಡೆದ ಜಾಗ ಇದು, ಮೌಂಟನ್ ಬೈಕಿನ ಹುಚ್ಚು ಇರುವವರೆಲ್ಲ ಒಮ್ಮೆಯಾದರೂ ಹೋಗಬೇಕು ಅಂದುಕೊಳ್ಳುವ ಊರು. ಬೆಳಿಗ್ಗೆ ನಮಗೆ ಬೆಟ್ಟ, ಅತ್ತೆಗೂ ಮಗಳಿಗೂ ಮರಳು, ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಸಮುದ್ರ. ಮನೆಯಲ್ಲಿ ಕೂತು ನೋಡಿದಾಗ ಎಲ್ಲರಿಗೂ ಹೊಂದುವ ರಜೆ ಅನಿಸಿತ್ತು.

ಮೊದಲು ಆಗಸ್ಟ್ ಬಗ್ಗೆ ಹೇಳಿಬಿಡುತ್ತೇನೆ. ಬಾಡೆನ್-ವುರ್ಟೆಂಬರ್ಗ್‌ನಲ್ಲಿ ಶಾಲೆಗೆ ಬೇಸಿಗೆ ರಜೆ ಶುರುವಾಗುವುದೇ ಜುಲೈ ಕೊನೆಗೆ, ಹಾಗಾಗಿ ಎಲ್ಲರೂ ಆಗಲೇ ಹೊರಡುತ್ತೇವೆ. ಇಟಲಿಯವರಿಗೂ ಅದೇ ರಜೆ. ಆಗಸ್ಟ್ 15 ಅಲ್ಲಿ ಫೆರಗೋಸ್ತೊ ಹಬ್ಬ, ಅದರ ಹಿಂದೆ ಮುಂದೆ ಕಡಲ ತೀರದಲ್ಲಿ ಕಾಲಿಡಲು ಜಾಗ ಇರಲ್ಲ. ದಾರಿಯಲ್ಲಿ ಸ್ವಿಟ್ಜರ್ಲೆಂಡಿನ ಗೊಟ್ಟ್‌ಹಾರ್ಡ್ ಸುರಂಗದ ಮುಂದೆ ಕಾದದ್ದು, ಊರಲ್ಲಿ ಪಾರ್ಕಿಂಗ್‌ಗಾಗಿ ಸುತ್ತಿದ್ದು, ಅದೆಲ್ಲ ಹೇಗೋ ತಡೆದುಕೊಂಡೆವು. ತಡೆಯಲಾರದ್ದು ಬಿಸಿಲು. ಅನುಭವ ಇರುವವರು ಈ ಊರಿಗೆ ಸೈಕಲ್ ಹೊಡೆಯಲು ಬರುವುದು ವಸಂತದಲ್ಲಿ, ಇಲ್ಲವೇ ಸೆಪ್ಟೆಂಬರ್ ಕಳೆದ ಮೇಲೆ. ಆಗಸ್ಟ್‌ನಲ್ಲಿ ಮಣ್ಣೆಲ್ಲ ಒಣಗಿ ಹಿಟ್ಟಿನ ಹಾಗಾಗಿರುತ್ತದೆ, ಅದರ ಮೇಲೆ ಸಡಿಲ ಕಲ್ಲುಗಳು. ಚಕ್ರಕ್ಕೆ ಹಿಡಿತವೇ ಸಿಗಲ್ಲ. ಇದು ನನಗೆ ಹೋಗುವ ಮೊದಲು ಗೊತ್ತಿರಲಿಲ್ಲ. ಒಬ್ಬರನ್ನು ಕೇಳಿದ್ದರೂ ತಿಳಿಯುತ್ತಿತ್ತು.

ಸೈಕಲ್ಲುಗಳನ್ನು ಅಲ್ಲೇ ಬಾಡಿಗೆಗೆ ತೆಗೆದುಕೊಂಡೆವು. ಅಂಗಡಿಯ ಹೆಸರು ಹೇಳಲ್ಲ. ಅಲ್ಲಿಯ ಹುಡುಗ ನಮ್ಮ ಎತ್ತರ ಕೇಳಿದ, ಸೀಟು ಸರಿ ಮಾಡಿದ, ಕ್ರೆಡಿಟ್ ಕಾರ್ಡ್ ತೆಗೆದುಕೊಂಡ, ಇಟಾಲಿಯನ್‌ನಲ್ಲಿದ್ದ ಎರಡು ಪುಟದ ಕಾಗದಕ್ಕೆ ಸಹಿ ಹಾಕಿಸಿದ. ಹತ್ತು ನಿಮಿಷದ ಕೆಲಸ. ಹೊರಗೆ ಸೈಕಲ್ ಸಮೇತ ನಮ್ಮನ್ನು ಬೆಟ್ಟದ ಮೇಲೆ ಬಿಡುವ ಶಟಲ್ ವ್ಯಾನ್ ನಿಂತಿತ್ತು, ಹಿಂದೆ ಸೈಕಲ್ ಹೊರುವ ಟ್ರೇಲರ್, ಎಲ್ಲರಿಗೂ ಅವಸರ. ಮೊದಲ ಸಲ ಬಂದಿದ್ದೇವೆ, ಮಗನಿಗೆ 13 ವರ್ಷ, ಸುಲಭದ ದಾರಿ ಯಾವುದು ಅಂತ ಕೇಳಿದೆ. ಒಂದು ಟ್ರೇಲ್ (ಬೆಟ್ಟದ ಸೈಕಲ್ ದಾರಿ) ಹೆಸರು ಹೇಳಿ, ಈಸಿ, ಮಕ್ಕಳೂ ಹೋಗುತ್ತಾರೆ ಅಂದರು. ಯಾವ ಊರಿನ ಮಕ್ಕಳು, ಎಷ್ಟು ವರ್ಷದಿಂದ ಹೊಡೆಯುತ್ತಿರುವ ಮಕ್ಕಳು ಅಂತ ನಾನು ಕೇಳಲಿಲ್ಲ.

ವ್ಯಾನ್ ಸುಮಾರು 40 ನಿಮಿಷ ಹತ್ತಿ ನಮ್ಮನ್ನು ಇಳಿಸಿದ್ದು ಪಿಯಾನ್ ದೇಯಿ ಕೊರ್ಸಿ ಎಂಬಲ್ಲಿ, ಹಳೆಯ ನೇಟೋ ನೆಲೆ ಇದ್ದ ಜಾಗ. ಅಲ್ಲಿನ ಎತ್ತರ ಸುಮಾರು 1000 ಮೀಟರ್. ದೂರದಲ್ಲಿ ಸಮುದ್ರ ಹೊಳೆಯುತ್ತಿತ್ತು. ಈ ಸಮುದ್ರವೇ ನಮ್ಮನ್ನು ಮೋಸ ಮಾಡಿದ್ದು ಅಂತ ಈಗ ಅನಿಸುತ್ತದೆ. ಕೆಳಗೆ ಬೀಚ್ ಕಾಣುತ್ತಿದ್ದರೆ, ಅಜ್ಜಿ ಅಲ್ಲೇ ಛತ್ರಿ ಕೆಳಗೆ ಕೂತಿದ್ದಾರೆ ಅಂತ ಗೊತ್ತಿದ್ದರೆ, ನೀವು ನಿಂತಿರುವುದು ಬೆಟ್ಟದ ತುದಿಯಲ್ಲಿ ಅನ್ನುವುದು ತಲೆಗೆ ಹೋಗಲ್ಲ. ಮುಳ್ಳಯ್ಯನಗಿರಿಯ ಮೇಲೆ ಹೀಗೆ ಸೈಕಲ್ ಕೊಟ್ಟು ಕಾಡಿನೊಳಗೆ ಇಳಿ ಅಂದಿದ್ದರೆ ಮಗನನ್ನು ಕಳಿಸುತ್ತಿದ್ದೆನಾ? ಖಂಡಿತ ಇಲ್ಲ.

ಮೇಲಿನ ಭಾಗ ಬೀಚ್ (beech) ಎಂಬ ಜಾತಿಯ ಮರಗಳ ಕಾಡು. ತಂಪಾಗಿತ್ತು, ನೆಲ ಮೆತ್ತಗಿತ್ತು, ಮಗ ಖುಷಿಯಿಂದ ಕೂಗುತ್ತಾ ಇಳಿದ. ಅರ್ಧ ಗಂಟೆ ಕಳೆದ ಮೇಲೆ ಮರಗಳು ಕುಳ್ಳಗಾದವು, ನೆರಳು ಹೋಯಿತು, ನೆಲದಲ್ಲಿ ಕಲ್ಲು ಎದ್ದವು. ಇಳಿಜಾರು ಮುಗಿಯುವುದೇ ಇಲ್ಲ. ನಮ್ಮ ಮನೆ ಹತ್ತಿರದ ಕಾಡಲ್ಲಿ ಅವನು ಹತ್ತುವುದು ಅರ್ಧ ಗಂಟೆ, ಇಳಿಯುವುದು ಐದು ನಿಮಿಷ. ಇಲ್ಲಿ ಒಂದೇ ಸಮನೆ ಬ್ರೇಕು ಹಿಡಿದು ಹಿಡಿದು ಬೆರಳು ಜೋಮು ಹಿಡಿಯಿತು ಅಂದ. ನಿಂತೆವು, ನೀರು ಕುಡಿದೆವು. ತಲಾ ಒಂದು ಲೀಟರ್ ತಂದಿದ್ದೆವು, ಹನ್ನೆರಡೂವರೆಗೇ ಖಾಲಿ. ದಾರಿಯಲ್ಲಿ ಎಲ್ಲೂ ನಲ್ಲಿ ಸಿಗಲಿಲ್ಲ.

ಬಿದ್ದದ್ದು ಅದಾದ ಹತ್ತು ನಿಮಿಷಕ್ಕೆ. ಸುಣ್ಣಕಲ್ಲಿನ ಒಂದು ಮೆಟ್ಟಿಲು, ಒಂದಡಿ ಎತ್ತರ ಇರಬಹುದು. ಅವನು ಹೆದರಿ ಬಲಗೈ ಬ್ರೇಕನ್ನು ಜೋರಾಗಿ ಹಿಡಿದ. ಮುಂದಿನ ಚಕ್ರ ಅಲ್ಲೇ ಕಚ್ಚಿ ನಿಂತಿತು, ಹುಡುಗ ಹ್ಯಾಂಡಲ್ ಮೇಲಿಂದ ಹಾರಿ ಭುಜ ಊರಿ ಬಿದ್ದ. ನಾನು ಹಿಂದೆ ಇದ್ದೆ. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಈ ಬರಹದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಜರ್ಮನಿಯಲ್ಲಿ ಸೈಕಲ್ಲಿನ ಮುಂದಿನ ಬ್ರೇಕು ಸಾಮಾನ್ಯವಾಗಿ ಎಡಗೈಗೆ ಇರುತ್ತದೆ, ಹಿಂದಿನದು ಬಲಗೈಗೆ. ಮಗ ಕಲಿತದ್ದು ಹಾಗೆ. ನಮ್ಮ ಊರುಗಳಲ್ಲಿ ಇದು ಉಲ್ಟಾ, ಬಲಗೈಯದು ಮುಂದಿನ ಚಕ್ರಕ್ಕೆ. ಇಟಲಿಯಲ್ಲೂ ಬಲಗೈಗೆ ಮುಂದಿನ ಬ್ರೇಕು ಇರುವ ಸೈಕಲ್ಲುಗಳು ಸಿಗುತ್ತವೆ, ಅವನಿಗೆ ಕೊಟ್ಟದ್ದು ಅಂಥದ್ದೇ. ಸಮತಟ್ಟಾದ ಜಾಗದಲ್ಲಿ ನಿಧಾನವಾಗಿ ಹೋಗುವಾಗ ಇದು ಗೊತ್ತೇ ಆಗಲ್ಲ. ಹೆದರಿದಾಗ ಕೈ ಅಭ್ಯಾಸದ ಮಾತನ್ನಷ್ಟೇ ಕೇಳುತ್ತದೆ. ಹಿಂದಿನ ಚಕ್ರ ನಿಲ್ಲಿಸುತ್ತೇನೆ ಅಂದುಕೊಂಡು ಅವನು ಮುಂದಿನದನ್ನು ನಿಲ್ಲಿಸಿದ. ಸಂಜೆ ಅಂಗಡಿಯಲ್ಲಿ ಕೇಳಿದರೆ, ನಮ್ಮಲ್ಲಿ ಹೀಗೂ ಇರುತ್ತದೆ, ನೀವು ಮೊದಲೇ ಕೇಳಬೇಕಿತ್ತು ಅಂದರು. ಜರ್ಮನಿಯಿಂದ ಬಂದ ಹುಡುಗನಿಗೆ ಸೈಕಲ್ ಕೊಡುವವರು ಒಂದು ಮಾತು ಹೇಳಬೇಕಿತ್ತು ಅಲ್ವಾ? ನನಗೆ ಈಗಲೂ ಕೋಪ ಇದೆ. ಹೈಡ್ರಾಲಿಕ್ ಬ್ರೇಕಾದರೆ ಎಡ ಬಲ ಬದಲಿಸಲು ಪೈಪ್ ಬಿಚ್ಚಿ ಹಾಕಬೇಕು, ವ್ಯಾನ್ ಹೊರಡುವ ಹೊತ್ತಿಗೆ ಕೇಳಿದರೆ ಯಾರೂ ಮಾಡಿಕೊಡಲ್ಲ. ಬುಕ್ ಮಾಡುವಾಗಲೇ ಬರೆದು ತಿಳಿಸಿ. ಬೆಟ್ಟಕ್ಕೆ ಹೋಗುವ ಮೊದಲು ಅಂಗಡಿ ಮುಂದೆಯೇ ಮಗು ಹತ್ತು ಸಲ ಬ್ರೇಕು ಹಿಡಿದು ನೋಡಲಿ.

ಮಗನನ್ನು ನೆರಳಿಗೆ ಎಳೆದು ಕೂರಿಸಿದೆವು. ನನ್ನ ಫೋನಿಗೆ ಸಿಗ್ನಲ್ ಇಲ್ಲ, ಗಂಡನ ಫೋನಿಗೂ ಇಲ್ಲ. ಅವರು ಸಿಗ್ನಲ್ ಹುಡುಕಿಕೊಂಡು ಕೆಳಗೆ ಹೋದರು. ಅಷ್ಟರಲ್ಲಿ ಹಿಂದಿನಿಂದ ಬಂದ ಇಬ್ಬರು ಇಟಾಲಿಯನ್ನರು ನಿಂತು, ತಮ್ಮ ಬ್ಯಾಗಿನಲ್ಲಿದ್ದ ಸೈಕಲ್ ಟ್ಯೂಬ್ ತೆಗೆದು ಅದನ್ನೇ ಜೋಳಿಗೆಯ ಹಾಗೆ ಕಟ್ಟಿ ಕೈಯನ್ನು ಎದೆಗೆ ಒರಗಿಸಿದರು, ತಮ್ಮ ನೀರು ಕೊಟ್ಟರು. ಅವರ ಋಣ ಯಾವತ್ತೂ ತೀರಲ್ಲ. ತುರ್ತು ಕರೆಗೆ ನಂಬರ್ 112. ಗಂಡನಿಗೆ ಲೈನ್ ಸಿಕ್ಕಿತು, ಆದರೆ ಎಲ್ಲಿದ್ದೀರಿ ಅಂದರೆ ಏನು ಹೇಳುವುದು? ಕಾಡು, ಕಲ್ಲು, ಟ್ರೇಲ್ ಹೆಸರೂ ಸರಿಯಾಗಿ ಉಚ್ಚರಿಸಲು ಬರಲಿಲ್ಲ. ಇಟಲಿಯಲ್ಲಿ 'ವೇರ್ ಆರ್ ಯು' ಅಂತ ಒಂದು ಆ್ಯಪ್ ಇದೆ, ಅದರಿಂದ 112ಕ್ಕೆ ಕರೆ ಮಾಡಿದರೆ ನೀವಿರುವ ಜಾಗವೂ ಅವರಿಗೆ ಹೋಗುತ್ತದೆ. ಮನೆಯಲ್ಲೇ ಹಾಕಿಕೊಂಡು ಹೋಗಿ. ನಮಗೆ ಅದನ್ನು ಹೇಳಿಕೊಟ್ಟದ್ದು ಆಸ್ಪತ್ರೆಯ ನರ್ಸ್.

ಆಂಬ್ಯುಲೆನ್ಸ್ ಬರುವ ರಸ್ತೆಯವರೆಗೆ ಅವನನ್ನು ನಡೆಸಿಕೊಂಡೇ ಹೋಗಬೇಕಾಯಿತು. ಎಕ್ಸ್-ರೇಯಲ್ಲಿ ಕಾಲರ್ ಬೋನ್ ಮುರಿದಿತ್ತು. ಆಪರೇಷನ್ ಬೇಕಾಗಲಿಲ್ಲ, ಆರು ವಾರ ಕೈ ಜೋಳಿಗೆಯಲ್ಲಿ. ತಲೆಗೆ ಏನೂ ಆಗಲಿಲ್ಲ, ಹೆಲ್ಮೆಟ್ ಸೀಳಿತ್ತು. ಆ ಹೆಲ್ಮೆಟ್ ನೋಡಿದಾಗಲೇ ನನಗೆ ಅಳು ಬಂದದ್ದು, ಅಲ್ಲಿಯವರೆಗೆ ಅಳಲೂ ಸಮಯ ಇರಲಿಲ್ಲ. ಇತ್ತ ಅತ್ತೆ ಸುಡುವ ಬೀಚಿನಲ್ಲಿ ಸಂಜೆ ಐದರವರೆಗೆ ಮೊಮ್ಮಗಳನ್ನು ಹಿಡಿದುಕೊಂಡು ಕೂತಿದ್ದರು. ಭಾಷೆ ಬರಲ್ಲ, ಕೈಯಲ್ಲಿ ಇಪ್ಪತ್ತು ಯೂರೋ, ನಮ್ಮ ಫೋನ್ ಸಿಗುತ್ತಿಲ್ಲ. ಎರಡು ಗಂಟೆಗೆ ಬರುತ್ತೇವೆ ಅಂದಿದ್ದೆವು. ವಯಸ್ಸಾದವರನ್ನು, ಚಿಕ್ಕ ಮಕ್ಕಳನ್ನು ಬೀಚಲ್ಲಿ ಬಿಟ್ಟು ದೊಡ್ಡವರಿಬ್ಬರೂ ಬೆಟ್ಟ ಹತ್ತಬೇಡಿ. ಒಬ್ಬರು ಕೆಳಗೇ ಇರಬೇಕು. ನಮ್ಮಿಬ್ಬರಲ್ಲಿ ಯಾರಿಗೂ ಇದು ಹೊಳೆಯಲಿಲ್ಲ ಅನ್ನುವುದೇ ನನಗೆ ಇವತ್ತಿಗೂ ಜಾಸ್ತಿ ಚುಚ್ಚುತ್ತದೆ.

ದುಡ್ಡಿನ ವಿಷಯ. ಜರ್ಮನಿಯ ಸರ್ಕಾರಿ ಆರೋಗ್ಯ ವಿಮೆ ಇರುವವರ ಕಾರ್ಡಿನ ಹಿಂಬದಿಯೇ ಯುರೋಪಿಯನ್ ಆರೋಗ್ಯ ಕಾರ್ಡ್. ಅದನ್ನು ತೋರಿಸಿದೆವು, ಚಿಕಿತ್ಸೆಗೆ ನಮ್ಮಿಂದ ದುಡ್ಡು ಕೇಳಲಿಲ್ಲ. ಆದರೆ ಖಾಸಗಿ ಆಸ್ಪತ್ರೆಯ ಖರ್ಚು, ರೋಗಿಯನ್ನು ಮನೆಗೆ ಸಾಗಿಸುವ ಖರ್ಚು ಅದರಲ್ಲಿ ಬರಲ್ಲ, ಅದಕ್ಕೆ ಬೇರೆ ಪ್ರಯಾಣ ವಿಮೆ ಬೇಕು. ಊರಿಂದ ಬಂದ ತಮ್ಮನನ್ನೋ ಅಣ್ಣನ ಮಕ್ಕಳನ್ನೋ ಸೈಕಲ್ ಹೊಡೆಯಲು ಕರೆದುಕೊಂಡು ಹೋಗುವವರು ಇನ್ನೂ ಹುಷಾರಾಗಿರಿ. ಷೆಂಗೆನ್ ವೀಸಾಕ್ಕೆ ಮಾಡಿಸುವ ವಿಮೆ ಕನಿಷ್ಠ 30,000 ಯೂರೋದ್ದು, ಎಷ್ಟೋ ಪಾಲಿಸಿಗಳಲ್ಲಿ ಸಾಹಸ ಕ್ರೀಡೆಗಳನ್ನು ಹೊರಗಿಟ್ಟಿರುತ್ತಾರೆ. ಅತ್ತೆಯ ಪಾಲಿಸಿಯಲ್ಲೂ ಹಾಗೇ ಬರೆದಿತ್ತು. ಇನ್ನು ಅಂಗಡಿಯವರು ಬಗ್ಗಿದ ಬ್ರೇಕ್ ಡಿಸ್ಕ್, ಹ್ಯಾಂಡಲ್, ಮತ್ತೆ ಗೀರುಗಳು ಅಂತ ನಮ್ಮ ಕಾರ್ಡಿನಿಂದ 280 ಯೂರೋ ತೆಗೆದುಕೊಂಡರು. ಗೀರುಗಳಲ್ಲಿ ಕೆಲವು ಮೊದಲೇ ಇದ್ದವು. ಫೋಟೋ ತೆಗೆದಿರಲಿಲ್ಲ, ವಾದ ಮಾಡಲು ಏನೂ ಇರಲಿಲ್ಲ.

ಇಷ್ಟೆಲ್ಲ ಆದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಆ ವ್ಯಾನ್. ಕಾಲಿನಿಂದ ತುಳಿದು ಹತ್ತುವವರಿಗೆ ಎಲ್ಲಿ ಸಾಕು ಅಂತ ಕಾಲೇ ಹೇಳುತ್ತದೆ. ನನ್ನ ಮಗ ತಾನೇ ತುಳಿದುಕೊಂಡು ಹೊರಟಿದ್ದರೆ ಆ ಬಿಸಿಲಲ್ಲಿ 200 ಮೀಟರ್ ಎತ್ತರಕ್ಕೇ ಸುಸ್ತಾಗಿ, ಅಲ್ಲಿಂದಲೇ ತಿರುಗಿ ಬರುತ್ತಿದ್ದ. ವ್ಯಾನ್ ನಮ್ಮನ್ನು ನಮ್ಮ ಯೋಗ್ಯತೆ ಮುಟ್ಟದ ಜಾಗಕ್ಕೆ ಮುಟ್ಟಿಸಿತು, ಆಮೇಲೆ ಹೊರಟು ಹೋಯಿತು. ಹಾಗಾಗಿ ಈಸಿ ಅನ್ನುವ ಮಾತನ್ನು ನಂಬಬೇಡಿ. ಜರ್ಮನಿಯಲ್ಲಿ ಬಳಸುವ ಟ್ರೇಲ್ ಅಳತೆ S0ಯಿಂದ S5ವರೆಗೆ ಇದೆ, ಆ ದಾರಿ ಇದರಲ್ಲಿ ಎಷ್ಟು ಅಂತ ಕೇಳಿ. S2 ಅಂದರೆ ಆಗಲೇ ಮೆಟ್ಟಿಲು, ದೊಡ್ಡ ಬೇರು, ಸಡಿಲ ಕಲ್ಲು. ಕಾಡಿನ ಅಗಲ ದಾರಿಯಲ್ಲಿ ಮಾತ್ರ ಹೊಡೆದ ಮಕ್ಕಳಿಗೆ ಅದು ಬೇಡವೇ ಬೇಡ.

ಆ ಊರು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಉಳಿದ ದಿನಗಳಲ್ಲಿ ಗಂಡ ಒಬ್ಬರೇ ಬೆಳಿಗ್ಗೆ ಆರಕ್ಕೆ ಹೊರಟು ವಾಲ್ ಪೊಂಚಿ ಕಣಿವೆಗೆ ಹೋಗಿ ಬಂದರು. ಕ್ರಿ.ಪೂ. 13ರಲ್ಲಿ ಶುರುವಾದ ವಿಯಾ ಜೂಲಿಯಾ ಅಗಸ್ಟಾ ಅನ್ನುವ ರೋಮನ್ ರಸ್ತೆ ಅಲ್ಲಿ ಹಾದು ಹೋಗುತ್ತದೆ, ಐದು ರೋಮನ್ ಸೇತುವೆಗಳಿವೆ. ನಾವು ಮೊದಲ ದಿನ ಮಾಡಬೇಕಿದ್ದದ್ದು ಅದನ್ನೇ. ಕೈ ಕಟ್ಟಿಕೊಂಡ ಮಗನನ್ನೂ ಸೇರಿಸಿ ಎಲ್ಲರೂ ಕಾರಲ್ಲಿ ಪಶ್ಚಿಮಕ್ಕೆ ಹೋಗಿ ಇನ್ನೊಂದು ದಾರಿ ನೋಡಿ ಬಂದೆವು. ಸಾನ್ ಲೊರೆಂಝೊದಿಂದ ಒಸ್ಪೆದಲೆತ್ತಿವರೆಗೆ ಹಳೆಯ ರೈಲು ಹಳಿಯ ಜಾಗದಲ್ಲಿ 24 ಕಿ.ಮೀ. ಸೈಕಲ್ ದಾರಿ ಮಾಡಿದ್ದಾರೆ, ಉದ್ದಕ್ಕೂ ಸಮುದ್ರ ಪಕ್ಕದಲ್ಲೇ, ಏರು ಇಳಿವು ಇಲ್ಲವೇ ಇಲ್ಲ ಅನ್ನಬಹುದು. 7 ವರ್ಷದ ಮಗಳೂ ಹೊಡೆಯಬಹುದಾದ ದಾರಿ. ಅತ್ತೆ ಅಲ್ಲೊಂದು ಬೆಂಚಿನ ಮೇಲೆ ಕೂತು, ಕಡಲೆ ಹಿಟ್ಟಿನ ಫರಿನಾತಾ ತಿಂದು, ಇದು ನಮ್ಮ ದೋಸೆಗೆ ಅಕ್ಕನೋ ತಂಗಿಯೋ ಅಂದರು. ಆ ರಜೆಯಲ್ಲಿ ಅವರು ನಕ್ಕದ್ದು ಅವತ್ತು ಮಾತ್ರ.

ಈ ವರ್ಷ ಶಾಲೆಯ ಪೆಂಟೆಕೋಸ್ಟ್ ಹಬ್ಬದ ರಜೆಗೆ, ಮೇ ಕೊನೆಯಲ್ಲಿ, ಮತ್ತೆ ಹೋಗುತ್ತಿದ್ದೇವೆ. ನಮ್ಮ ಸೈಕಲ್ಲುಗಳನ್ನೇ ಕಾರಿನ ಹಿಂದೆ ಕಟ್ಟಿಕೊಂಡು. ಮಗನೇ ಕೇಳಿದ. ವ್ಯಾನ್ ಬೇಡಮ್ಮ, ತುಳಿದುಕೊಂಡೇ ಹೋಗೋಣ ಅಂದ.